ಎರಡು ತುದಿ ಕಟ್ಟಿದ ಲೆಕ್ಕ

ಸಮೀಕರಣವನ್ನು ಕಂಡೊಡನೆ ಉತ್ತರವನ್ನು ಹುಡುಕಲು ತೊಡಗುವುದು ನಮ್ಮ ವಾಡಿಕೆ. ಉತ್ತರವಿದೆಯೆ ಎಂದು ಮೊದಲು ಕೇಳುವವರು ವಿರಳ.

ಸಾಲಾಗಿ ಮೂರು ಸಂಖ್ಯೆಗಳಿವೆಯೆಂದು ಭಾವಿಸಿರಿ. ತುದಿಯವೆರಡೂ 0 ಆಗಿರಬೇಕೆಂಬುದು ಸೀಮಾ ನಿಬಂಧನೆ. ನಡುವಣ ಅಜ್ಞಾತವನ್ನು ‘ಯ’ ಎನ್ನೋಣ. ಮೊದಲ ವ್ಯತ್ಯಾಸ ಯ, ಮುಂದಿನದು −ಯ. ಈ ವ್ಯತ್ಯಾಸಗಳ ವ್ಯತ್ಯಾಸ −2ಯ. ಇದು ಯ² + ಕ ಎಂಬುದಕ್ಕೆ ಸಮವಾಗಿರಬೇಕು. ಕ = 0 ಆದರೆ ಯ 0 ಆಗಬಹುದು, −2 ಕೂಡ ಆಗಬಹುದು. ಕ = 1 ಆದರೆ −1 ಒಂದೇ ಉತ್ತರ. ಕ = 2 ಆದರೋ, (ಯ + 1)² = −1 ಎಂದಾಗುತ್ತದೆ; ವಾಸ್ತವ ಸಂಖ್ಯೆಗಳಲ್ಲಿ ಉತ್ತರವೇ ಇಲ್ಲ! ತುದಿಗಳಾದರೋ ಇದ್ದಂತೆಯೇ ಇವೆ. ತೊಡಕೆಲ್ಲ ಆ ವರ್ಗದ್ದು. ಅದು ಎಲ್ಲೆಯಿಲ್ಲದೆ ಬೆಳೆಯುತ್ತದೆ.

ಬಲಗಡೆಯ ಪದವು ಯ ಬದಲಾದಂತೆ ಎಲ್ಲಿಯೂ ಕಡಿಯದೆ ಬದಲಾಗುತ್ತ, −1 ಮತ್ತು 1ರ ನಡುವೆಯೇ ಉಳಿಯುವುದಾದರೆ ಈ ಭಯವಿಲ್ಲ. ಅದಕ್ಕೆ 2ಯ ಕೂಡಿಸಿ ನೋಡಿರಿ: ಯ = 1 ಆದಾಗ ಮೊತ್ತ ಧನ, ಯ = −1 ಆದಾಗ ಋಣ. ಆದುದರಿಂದ ನಡುವೆ ಎಲ್ಲಿಯಾದರೂ ಅದು ಸೊನ್ನೆಯಾಗಲೇಬೇಕು. ಆ ಯ ನಮ್ಮ ಉತ್ತರ. 1817ರಲ್ಲಿ ಬೋಲ್ಜಾನೋ ಸಾಧಿಸಿ ತೋರಿಸಿದ ಪ್ರಮೇಯವಿದು. ಅಜ್ಞಾತಗಳು ಹಲವಾದಾಗ ಬ್ರೌವರನ ಸ್ಥಿರಬಿಂದು ಪ್ರಮೇಯವು ನೆರವಿಗೆ ಬರುತ್ತದೆ. ಯ ಎಷ್ಟೆಂದು ತಿಳಿಯಲು ಮಾತ್ರ ಬೇರೆ ಲೆಕ್ಕವನ್ನೇ ಹೂಡಬೇಕು.