ಪದ್ರೋನಿನ ಎಳೆ ಮೆಣಸಿನಕಾಯಿ

ಹಸಿ ಮೆಣಸಿನಕಾಯಿಯು ಕನ್ನಡ ನಾಡಿನ ಅಡಿಗೆಯಲ್ಲಿ ಒಗ್ಗರಣೆಗೋ ಚಟ್ನಿಗೋ ಒದಗತಕ್ಕ ಪದಾರ್ಥ. ಅದನ್ನೇ ತಟ್ಟೆಯ ತುಂಬ ಬಡಿಸಿಕೊಂಡು, ಊಟಕ್ಕೆ ಮೊದಲು ಬಾಯಿರುಚಿಗಾಗಿ ಇಡಿಯಾಗಿ ತಿನ್ನುವ ಪದ್ಧತಿಯು ಸ್ಪೇನ್ ದೇಶದಲ್ಲುಂಟು. ಇದಕ್ಕೆ ಹೆಸರಾದದ್ದು ಆ ದೇಶದ ವಾಯವ್ಯ ಮೂಲೆಯಲ್ಲಿರುವ ಗಲೀಸಿಯ ಪ್ರಾಂತದ ಪದ್ರೋನ್ ಎಂಬ ಊರು.

ಮೆಣಸಿನಕಾಯಿಯ ತವರು ಅಮೆರಿಕಾ ಖಂಡ. ಪೋರ್ತುಗೀಸರ ಮೂಲಕ ಅದು ಹಿಂದೂದೇಶಕ್ಕೆ ಬಂದಂತೆ, ಪದ್ರೋನಿನ ಬಳಿಯ ಎರ್ಬೋನ್ ಗ್ರಾಮಕ್ಕೆ ಅಲ್ಲಿಯ ಫ್ರಾನ್ಸಿಸ್ಕನ್ ಮಠದ ಸನ್ಯಾಸಿಗಳು ಬೀಜವನ್ನು ತಂದರೆಂದು ಪ್ರತೀತಿ. ಸಮುದ್ರದ ತೇವವಿರುವ ಆ ನದೀಕಣಿವೆಯಲ್ಲಿ ಒಕ್ಕಲಿಗರು ತಲೆತಲಾಂತರದಿಂದ ತಮ್ಮ ಬೀಜವನ್ನು ತಾವೇ ಆರಿಸಿಕೊಂಡು ಬಂದುದರಿಂದ ಈ ತಳಿಯು ನೆಲೆಗೊಂಡಿತು. ಆದರೆ ಹೆಸರು ಹಬ್ಬಿದ ಮೇಲೆ ಸ್ಪೇನಿನ ದಕ್ಷಿಣ ಭಾಗದಲ್ಲಿಯೂ ಮೊರಾಕೊದಲ್ಲಿಯೂ ಬೆಳೆದ ಕಾಯಿಗಳು ಪದ್ರೋನಿನ ಹೆಸರಿನಲ್ಲಿಯೇ ಪೇಟೆಗೆ ಬರತೊಡಗಿದವು. ಮೂಲದ ಬೆಳೆಗಾರರಿಗೆ ಇದು ಸಣ್ಣ ನಷ್ಟವಲ್ಲ. 2010ರಲ್ಲಿ ಯೂರೋಪ್ ಒಕ್ಕೂಟದ ರಕ್ಷಣೆಯು ದೊರೆತದ್ದು ಎರ್ಬೋನ್ ಮೆಣಸಿನಕಾಯಿ ಎಂಬ ಹೆಸರಿಗೆ. ಊರಿಗೆ ಕೀರ್ತಿ ತಂದ ಹೆಸರು ಎಲ್ಲರ ಪಾಲಾಯಿತು.

ಈ ಕಾಯಿಗಳಲ್ಲಿ ಕೆಲವು ಖಾರ, ಕೆಲವು ಸಪ್ಪೆ ಎಂಬ ಅರ್ಥದ ಗಾದೆಯು ಗಲೀಸಿಯದಲ್ಲಿ ಮಕ್ಕಳಿಗೂ ಗೊತ್ತು. ಇದು ಅದೃಷ್ಟದ ಆಟವೆಂದು ತಿನ್ನುವವರು ನಗುವುದುಂಟಾದರೂ ಒಕ್ಕಲಿಗನಿಗೆ ಅದರ ಕಾರಣವು ತಿಳಿದಿರತಕ್ಕದ್ದು. ಖಾರದ ಸತ್ವವಾದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಲ್ಲ, ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಕಾಯಿಯು ಎಳೆಯದಾಗಿರುವಾಗ ಅದು ಅತ್ಯಲ್ಪ, ಬಲಿತಂತೆ ಹೆಚ್ಚುತ್ತದೆ. ನೀರಿನ ಅಭಾವವೂ ಬಿಸಿಲಿನ ತಾಪವೂ ಗಿಡವನ್ನು ಪೀಡಿಸಿದರೆ ಇನ್ನೂ ಏರುತ್ತದೆ. ಆದ್ದರಿಂದಲೇ ಆಗಸ್ಟಿನ ಕೊನೆಯ ಕಾಯಿಗಳಿಗೆ ಅಲ್ಲಿಯವರು ಅಂಜುವುದು. ಕಾಯಿಯು ಹೆಬ್ಬೆರಳಿನಷ್ಟು, ಎಂದರೆ ಸುಮಾರು 4ರಿಂದ 5 ಸೆಂಟಿಮೀಟರು ಉದ್ದವಾದೊಡನೆ ಕೈಯಿಂದಲೇ ಬಿಡಿಸಬೇಕು. ಒಂದೆರಡು ದಿನ ಅಲಕ್ಷ್ಯ ಮಾಡಿದರೆ ಹಿಡಿಯಲ್ಲಿ ಖಾರದ ಕಾಯಿಗಳ ಸಂಖ್ಯೆಯು ಹೆಚ್ಚುವುದು ನಿಶ್ಚಯ. ಕೂಲಿಯ ಖರ್ಚು ಬೀಳುವುದೂ ಇಲ್ಲಿಯೇ.

ಬೀಜಕ್ಕೆ ಬಿಡುವ ಗಿಡಗಳ ಸಮೀಪದಲ್ಲಿ ಖಾರದ ತಳಿಯನ್ನು ಬೆಳೆಯಬಾರದು. ಕೀಟಗಳಿಂದ ಪರಾಗವು ಬೆರೆಯುತ್ತದೆ. ಅದರ ಫಲವು ಆ ವರ್ಷದ ಕಾಯಿಯಲ್ಲಿ ಕಾಣದೆ, ಆ ಬೀಜದಿಂದ ಹುಟ್ಟಿದ ಮರುವರ್ಷದ ಗಿಡದಲ್ಲಿ ಕಾಣುವುದರಿಂದ ಅನೇಕರು ಮೋಸಹೋಗುತ್ತಾರೆ.

ಅಡಿಗೆಯ ಕ್ರಮವು ಅತಿ ಸುಲಭ. ಕಾಲು ಕಿಲೋ ಕಾಯಿಗಳನ್ನು ತೊಟ್ಟು ಸಹಿತ ತೊಳೆದು, ಬಟ್ಟೆಯಲ್ಲಿ ಒರಸಿ ಚೆನ್ನಾಗಿ ಆರಿಸಬೇಕು. ಇದನ್ನು ಉದಾಸೀನ ಮಾಡಕೂಡದು. ಒಂದು ಹನಿ ನೀರುಳಿದರೂ ಕಾದ ಎಣ್ಣೆಯು ಕೈಗೂ ಮುಖಕ್ಕೂ ಸಿಡಿಯುವುದು. ತೊಟ್ಟನ್ನು ಮುರಿದರೆ ಎಣ್ಣೆಯು ಒಳಹೊಕ್ಕು ಕಾಯಿಯು ಜಿಡ್ಡಾಗುತ್ತದೆ. ಅಗಲವಾದ ಬಾಣಲೆಯಲ್ಲಿ ನಾಲ್ಕು ಚಮಚ ಆಲಿವ್ ಎಣ್ಣೆಯನ್ನು ಕಾಯಿಸಿ, ಕಾಯಿಗಳನ್ನು ಒಂದೇ ಪದರವಾಗಿ ಹರಡಿ ಆಗಾಗ್ಗೆ ಮಗುಚುತ್ತಿರಬೇಕು. ಮೂರು ನಾಲ್ಕು ನಿಮಿಷಗಳಲ್ಲಿ ಸಿಪ್ಪೆಯು ಬೊಬ್ಬೆಯೆದ್ದು ಅಲ್ಲಲ್ಲಿ ಬೆಳ್ಳಗಾಗಿ, ಬಳಿಕ ಕಂದು ಮಚ್ಚೆಗಳು ಮೂಡುತ್ತವೆ. ಕಾಯಿಯು ಮೆತ್ತಗಾಗಿ ಸೊರಗಿದೊಡನೆ ಇಳಿಸಿ, ಎಣ್ಣೆಯನ್ನು ಬಸಿದು, ಹರಳುಪ್ಪನ್ನು ಮೇಲೆ ಉದುರಿಸತಕ್ಕದ್ದು. ಉಪ್ಪನ್ನು ಮೊದಲೇ ಹಾಕಿದರೆ ಕಾಯಿಯು ನೀರು ಬಿಡುವುದು. ಕಡಲೆಕಾಯಿ ಎಣ್ಣೆಯಲ್ಲಿಯೂ ಹುರಿಯಬಹುದು. ಆದರೆ ಆಲಿವ್ ಎಣ್ಣೆಯ ಪರಿಮಳವು ಬಾರದು.

ಬಿಸಿಯಾಗಿರುವಾಗಲೇ ತೊಟ್ಟು ಹಿಡಿದು ತಿನ್ನುವುದು ವಾಡಿಕೆ. ಜೊತೆಗೆ ರೊಟ್ಟಿಯ ತುಂಡು ಇರುತ್ತದೆ. ಖಾರದ ಕಾಯಿಯು ಸಿಕ್ಕಿದವರಿಗೆ ನೀರು ಕೊಟ್ಟು ಪ್ರಯೋಜನವಿಲ್ಲ. ಖಾರದ ಸತ್ವವು ನೀರಿನಲ್ಲಿ ಕರಗದು. ಹಾಲನ್ನೋ ಮೊಸರನ್ನೋ ಕೊಡಬೇಕು.