ಗಂಧಸಾಲೆಯ ಗಂಧ ಎಲ್ಲಿ ಹೋಯಿತು? ಮೂಗಿನಿಂದಲೇ ಬೀಜ ಆರಿಸಿ

ಹಬ್ಬಕ್ಕೆ ಬಂದಿದ್ದ ಭಾವ ಎಲೆಯೆದುರು ಕೂತು ಒಂದು ತುತ್ತು ಉಂಡವರೇ ಕೇಳಿದರು: "ಗಂಧಸಾಲೆ ಮುಗಿದು ಹೋಯ್ತಾ ಭಾವ? ಇದು ಯಾವ ಅಕ್ಕಿ?"

ಬಡಿಸಿದ್ದು ಗಂಧಸಾಲೆಯನ್ನೇ! ಅಮ್ಮ ಒಳಗಿನಿಂದಲೇ ಹೇಳಿದರು: "ಮೊದಲು ಅನ್ನ ಬೇಯುವಾಗ ಗದ್ದೆಯಲ್ಲಿದ್ದವರಿಗೂ ಗೊತ್ತಾಗ್ತಿತ್ತು. ಈಗ ಪಾತ್ರೆಗೆ ಮೂಗು ಹಾಕಿದರೂ ಇಲ್ಲ." ತಮ್ಮನ ಲೆಕ್ಕ ಬೇರೆ. "ಐದು ತಿಂಗಳು ಗದ್ದೆಯಲ್ಲಿರುತ್ತದೆ, ಎದೆಯೆತ್ತರ ಬೆಳೆದು ಮಲಗುತ್ತದೆ, ಇಳುವರಿ ಅರ್ಧ. ಪರಿಮಳವೂ ಇಲ್ಲ ಅಂದ್ರೆ ಅದು ಯಾಕೆ ಅಣ್ಣಾ? ಆ ಗದ್ದೆಗೂ ಅಡಿಕೆ ಸಸಿ ಹಾಕುವಾ."

ಅವನು ಹೇಳಿದ್ದು ಸುಳ್ಳಲ್ಲ. ಗಂಧಸಾಲೆ, ಜೀರಿಗೆಸಾಲೆಯಂಥ ಭತ್ತ ನಮ್ಮಲ್ಲಿ ಉಳಿದಿರುವುದು ಪರಿಮಳ ಒಂದರಿಂದಲೇ. ಅದು ಹೋದರೆ ಮರುವರ್ಷ ಬೀಜವೂ ಹೋದಂತೆ. ಹಾಗಾದರೆ ಹೋದ ಪರಿಮಳ ತಿರುಗಿ ಬಂದೀತೇ? ಬರುತ್ತದೆ. ಅದಕ್ಕೆ ಬೇಕಾದ್ದು ಮೂರು ಬೆಳೆ, ಒಂದಿಷ್ಟು ತಾಳ್ಮೆ, ಮತ್ತೆ ಒಳ್ಳೆಯ ಮೂಗು.

ಪರಿಮಳ ಅಂದರೆ ಏನು?

ಪರಿಮಳದ ಅಕ್ಕಿಯ ಮುಖ್ಯ ವಾಸನೆ ಯಾವ ವಸ್ತುವಿನದು ಎಂಬುದನ್ನು 1982ರಲ್ಲಿ ಅಮೆರಿಕದ ಬಟರಿ ಮತ್ತು ಸಂಗಡಿಗರು ಪತ್ತೆ ಮಾಡಿದರು. ಅದರ ಹೆಸರು 2-ಅಸಿಟೈಲ್-1-ಪೈರೋಲಿನ್. ಬಾಸುಮತಿಯಲ್ಲಿ ಇರುವುದೂ ಇದೇ. ಅನ್ನಕ್ಕೆ ಪರಿಮಳ ಬರಲೆಂದು ಕೆಲವರು ಕುಂಡದಲ್ಲಿ ಬೆಳೆಸುವ ಕೇದಗೆ ಜಾತಿಯ ಗಿಡವೊಂದಿದೆಯಲ್ಲ, ಅದರ ಎಲೆಯಲ್ಲಿ ಇರುವುದೂ ಇದೇ. ಮಾಮೂಲಿ ಅಕ್ಕಿ ಬೇಯುವಾಗ ಆ ಎಲೆ ಹಾಕಿದರೆ ಬಾಸುಮತಿಯ ನೆನಪಾಗುವುದು ಅದಕ್ಕೇ.

ಈ ವಸ್ತು ಪರಿಮಳದ ಭತ್ತದಲ್ಲಿ ಮಾತ್ರ ಯಾಕೆ ಹೆಚ್ಚು? ಉತ್ತರ ಸ್ವಾರಸ್ಯವಾಗಿದೆ. ಪರಿಮಳಕ್ಕೆ ಬೇಕಾದ ಕಚ್ಚಾಮಾಲು ಎಲ್ಲ ಭತ್ತದಲ್ಲೂ ತಯಾರಾಗುತ್ತದೆ. ಆದರೆ ಮಾಮೂಲಿ ಭತ್ತದಲ್ಲಿ ಒಂದು ಕಿಣ್ವ ಅದನ್ನು ಬೇರೆ ಕೆಲಸಕ್ಕೆ ಬಳಸಿ ಮುಗಿಸುತ್ತದೆ. ಪರಿಮಳದ ಭತ್ತದಲ್ಲಿ ಆ ಕಿಣ್ವ ಮಾಡುವ ಜೀನ್ ಕೆಟ್ಟಿದೆ. ಕಚ್ಚಾಮಾಲು ಉಳಿಯುತ್ತದೆ, ಪರಿಮಳವಾಗುತ್ತದೆ. ಭತ್ತದ 8ನೇ ವರ್ಣತಂತುವಿನಲ್ಲಿರುವ ಈ ಜೀನನ್ನು 2005ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತಿಸಿದರು.

ನಮಗೆ ಬೇಕಾದ ಪಾಠ ಇಲ್ಲೇ ಇದೆ. ಕಾಳಿಗೆ ತಾಯಿಯಿಂದ ಒಂದು ಜೀನ್, ತಂದೆಯಿಂದ ಒಂದು. ಎರಡರಲ್ಲಿ ಒಂದು ಸರಿಯಿದ್ದರೂ ಕಿಣ್ವ ಕೆಲಸ ಮಾಡುತ್ತದೆ, ಪರಿಮಳ ಹೋಗುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಪರಿಮಳ. ಅಂದರೆ ವಾಸನೆ ಬರುವ ಕಾಳು ಆ ಗುಣದಲ್ಲಿ ಶುದ್ಧ. ಅದರೊಳಗೆ ಬೆರಕೆ ಅಡಗಿ ಕೂತಿರಲು ಸಾಧ್ಯವಿಲ್ಲ. ಬಣ್ಣ, ಎತ್ತರ ನೋಡಿ ಆರಿಸುವಾಗ ನಾವು ಮೋಸ ಹೋಗಬಹುದು. ವಾಸನೆ ನೋಡಿ ಆರಿಸುವವನಿಗೆ ಅಂಥ ಭಯ ಕಡಿಮೆ.

ಕಳೆದದ್ದು ಬೀಜದಲ್ಲೋ, ಆರೈಕೆಯಲ್ಲೋ?

ಬೀಜಕ್ಕೆ ಕೈ ಹಾಕುವ ಮೊದಲು ಇದನ್ನು ತಿಳಿಯಲೇಬೇಕು. ಹೊಸ ಬೆಳೆಯ ಭತ್ತ, ನೆರಳಲ್ಲಿ ಒಣಗಿಸಿದ್ದು, ನೂರು ಕಾಳು ತೆಗೆದುಕೊಳ್ಳಿ. ಕೈಯಲ್ಲೇ ಸಿಪ್ಪೆ ಬಿಡಿಸಿ ಒಂದೊಂದೇ ಕಾಳನ್ನು ಮುಂದಿನ ಹಲ್ಲಲ್ಲಿ ನಿಧಾನ ಅಗಿಯಿರಿ. ಪರಿಮಳ ಇದ್ದರೆ ಬಾಯಿಯಿಂದ ಮೂಗಿಗೆ ಏರುತ್ತದೆ.

ನೂರಕ್ಕೆ ನೂರೂ ಪರಿಮಳ, ಆದರೆ ಎಲ್ಲ ಮಂದ ಎಂದಾದರೆ ಬೀಜ ಬಹುಮಟ್ಟಿಗೆ ಸರಿಯಿದೆ. ತಪ್ಪು ಗೊಬ್ಬರ, ಕೊಯ್ಲು, ಒಣಗಿಸುವಿಕೆ, ದಾಸ್ತಾನಿನಲ್ಲಿ. ಕೆಲವು ಕಾಳು ಘಮ್ಮೆನ್ನುತ್ತವೆ, ಕೆಲವು ಏನೂ ಇಲ್ಲ ಎಂದಾದರೆ ಬೀಜ ಬೆರಕೆಯಾಗಿದೆ.

ಎರಡು ಎಚ್ಚರಿಕೆ. ಔಷಧ ಹಚ್ಚಿದ ಬೀಜವನ್ನು ಯಾವ ಕಾರಣಕ್ಕೂ ಬಾಯಿಗೆ ಹಾಕಬೇಡಿ. ಇನ್ನೊಂದು, ಕವಳ ಹಾಕುವವರು, ಬೀಡಿ ಸೇದುವವರು ಈ ಕೆಲಸಕ್ಕೆ ಆಗುವುದಿಲ್ಲ! ನಮ್ಮಲ್ಲಿ ನಾನು ಅನುತ್ತೀರ್ಣನಾದೆ. ಅಮ್ಮ ಮತ್ತು ಶಾಲೆಗೆ ಹೋಗುವ ಮಗಳು ಪಾಸಾದರು. ಮೂಗು ಬೇಗ ದಣಿಯುತ್ತದೆ. ಹತ್ತಿಪ್ಪತ್ತು ಕಾಳಿಗೊಮ್ಮೆ ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಡಿ. ಇಬ್ಬರು ಬೇರೆಬೇರೆಯಾಗಿ ನೋಡಿ, ಮಾತಾಡಿಕೊಳ್ಳದೆ ಬರೆದಿಟ್ಟು, ಆಮೇಲೆ ತಾಳೆ ಹಾಕಿದರೆ ಒಳ್ಳೆಯದು.

ನಮ್ಮ ಬೀಜ ಎರಡನೇ ಲೆಕ್ಕಕ್ಕೆ ಸೇರಿತು. ಅದೇ ಒಂದು ಸಮಾಧಾನ, ಗಂಧ ಪೂರ್ತಿ ಹೋಗಿರಲಿಲ್ಲ.

ಬೆರಕೆ ಆದದ್ದು ಹೇಗೆ?

ಭತ್ತ ತನ್ನ ಹೂವಿನೊಳಗೇ ಕಾಯಿ ಕಟ್ಟುವ ಬೆಳೆ. ಪರಕೀಯ ಪರಾಗಸ್ಪರ್ಶ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾಗಿ ಮೊದಲ ಕಳ್ಳ ಗಾಳಿಯಲ್ಲ, ನಮ್ಮ ಅಂಗಳ. ಒಕ್ಕುವ ಕಣ, ಗೋಣಿಚೀಲ, ಹಿಂದಿನ ವರ್ಷ ಗದ್ದೆಯಲ್ಲಿ ಉದುರಿ ಹುಟ್ಟಿದ ಬೇರೆ ಭತ್ತ, ಈಗೀಗ ಊರೂರು ಸುತ್ತುವ ಕಟಾವು ಯಂತ್ರ, ಎಲ್ಲ ಸೇರಿ ಬೆರಕೆ ಮಾಡುತ್ತವೆ.

ಒಮ್ಮೆ ಸೇರಿದ ಬೆರಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ಹೀಗೊಂದು ಲೆಕ್ಕ ಹಾಕಿ. ನೂರು ಗಿಡದಲ್ಲಿ 5 ಬೆರಕೆ. ಗಂಧಸಾಲೆ ಎರಡು ಕಾಳು ಕೊಡುವಲ್ಲಿ ಬೆರಕೆ ಮೂರು ಕೊಡುತ್ತದೆ ಎನ್ನಿ. ಅದೇ ರಾಶಿಯಿಂದ ಬೀಜ ತೆಗೆಯುತ್ತ ಹೋದರೆ ಮರುವರ್ಷ ಬೆರಕೆ 7 ಮೀರುತ್ತದೆ, ಆಮೇಲೆ 10 ಮೀರುತ್ತದೆ, ಐದನೇ ವರ್ಷಕ್ಕೆ 28ರ ಹತ್ತಿರ! ನಾವು ಮಾಡಿದ ತಪ್ಪು ಇದೇ. ರಾಶಿಯಲ್ಲಿ ಗಟ್ಟಿ ಕಾಳು ನೋಡಿ ಬೀಜಕ್ಕೆ ಎತ್ತಿಟ್ಟೆವು. ಗಂಧಸಾಲೆಯದು ಸಣ್ಣ ಕಾಳು. ಗಟ್ಟಿ, ದಪ್ಪ ಕಾಳು ಬೆರಕೆಯದೇ ಆಗಿತ್ತು.

ಮೊದಲ ಬೆಳೆ: ತೆನೆ ಆಯ್ಕೆ

ಕೊಯ್ಲಿಗೆ ಮೊದಲು ಗದ್ದೆಗೆ ಇಳಿಯಿರಿ. ಅಂಚಿನ ಸಾಲು ಬಿಟ್ಟು ನಡುವಿನಲ್ಲಿ ಹಳೆಯ ಗಂಧಸಾಲೆಯ ರೂಪ ಇರುವ ಗಿಡಗಳನ್ನು ಗುರುತಿಸಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ರೂಪ ಅವರಿಗೆ ಗೊತ್ತು. ಒಂದು ಗಿಡದಿಂದ ಒಂದೇ ತೆನೆ, ಹೀಗೆ ನೂರಾದರೂ ತೆನೆ ಬೇಕು. ಪ್ರತಿ ತೆನೆಗೂ ನಂಬರು ಚೀಟಿ ಕಟ್ಟಿ ನೆರಳಲ್ಲಿ ಒಣಗಿಸಿ.

ಇನ್ನು ಪರೀಕ್ಷೆ. ಒಂದೊಂದು ತೆನೆಯಿಂದ ಐದು ಕಾಳು ಬಿಡಿಬಿಡಿಯಾಗಿ ಅಗಿದು ನೋಡಿ. ಐದೂ ಪರಿಮಳ ಎಂದಾದರೆ ತೆನೆ ಇಟ್ಟುಕೊಳ್ಳಿ. ಒಂದು ಸಪ್ಪೆ ಬಂದರೂ ಬಿಡಿ. ಐದೇ ಕಾಳು ಸಾಕೇ? ಸಾಕು. ಗಿಡದಲ್ಲಿ ಬೆರಕೆಯ ಜೀನ್ ಒಂದು ಇದ್ದರೆ ಅದರ ಕಾಳುಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಪರಿಮಳ. ಅಂಥ ತೆನೆಯ ಐದು ಕಾಳೂ ಪರಿಮಳದ್ದೇ ಸಿಗುವ ಸಂಭವ ಸಾವಿರಕ್ಕೆ ಒಂದರಷ್ಟು.

ಐದೂ ಪರಿಮಳ ಇದ್ದ ತೆನೆಗಳಲ್ಲೂ ತೀಕ್ಷ್ಣ, ಮಧ್ಯಮ, ಮಂದ ಎಂದು ಮೂರು ಗುಂಪು ಮಾಡಿ. ಪರಿಮಳ ಇರಬೇಕೋ ಬೇಡವೋ ಎಂಬುದನ್ನು ಆ ಒಂದು ಜೀನ್ ನಿರ್ಧರಿಸಿದರೆ, ಎಷ್ಟು ಎಂಬುದರಲ್ಲಿ ಬೇರೆ ಗುಣಗಳ, ಹವೆಯ, ಮಣ್ಣಿನ ಪಾಲೂ ಇದೆ.

ಬೀಜ ಬೆರಳೆಣಿಕೆಯಷ್ಟೇ ಉಳಿದಿದ್ದರೆ ಇನ್ನೊಂದು ಉಪಾಯ. ಸಿಪ್ಪೆ ಬಿಡಿಸಿದ ಕಾಳಿನ ಒಂದು ತುದಿಯಲ್ಲಿ ಮೊಳಕೆಯ ಕಣ್ಣು ಇರುತ್ತದೆ. ಬ್ಲೇಡಿನಿಂದ ಕಾಳನ್ನು ಅಡ್ಡ ಕತ್ತರಿಸಿ ಕಣ್ಣಿಲ್ಲದ ಅರ್ಧ ಅಗಿಯಿರಿ. ಪರಿಮಳ ಇದ್ದರೆ ಕಣ್ಣಿರುವ ಅರ್ಧವನ್ನು ಶುದ್ಧ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ ನೆಡಬಹುದು.

ಎರಡನೇ ಬೆಳೆ: ತೆನೆಗೊಂದು ಸಾಲು

ಆರಿಸಿದ ಒಂದೊಂದು ತೆನೆಯ ಬೀಜವನ್ನು ಬೇರೆಬೇರೆ ಹಾಕಿ, ಒಂದು ತೆನೆಗೆ ಒಂದು ಸಾಲಿನಂತೆ ನಾಟಿ ಮಾಡಿ. ಒಂದು ಕಡೆ ಒಂದೇ ಸಸಿ. ಹಾಗೆ ಮಾಡಿದರೆ ಮಾತ್ರ ಪ್ರತಿ ಗಿಡದ ಸ್ವಭಾವ ಕಾಣುತ್ತದೆ. ಹಿಂದಿನ ವರ್ಷ ಬೇರೆ ಭತ್ತ ಬೆಳೆದ ಗದ್ದೆ ಬೇಡ. ಅನಿವಾರ್ಯವಾದರೆ ಮೊದಲ ಮಳೆಗೆ ಉದುರು ಭತ್ತ ಹುಟ್ಟಲು ಬಿಟ್ಟು, ಆಮೇಲೆ ಉತ್ತು ಕೊಳೆಸಿ. ಪಕ್ಕದ ಭತ್ತದಿಂದ ಕನಿಷ್ಠ 3 ಮೀಟರ್ ದೂರ ಇರಲಿ.

ಗಿಡ ತೆಂಡೆ ಒಡೆದಾಗ ಎಲೆಯಲ್ಲೂ ಪರಿಮಳ ಪರೀಕ್ಷಿಸಬಹುದು. 1978ರಲ್ಲಿ ಸೂದ್ ಮತ್ತು ಸಿದ್ದಿಕ್ ಎಂಬ ವಿಜ್ಞಾನಿಗಳು ಇದಕ್ಕೊಂದು ಸುಲಭ ವಿಧಾನ ಹೇಳಿದರು. ಎರಡು ಗ್ರಾಂ ಹಸಿ ಎಲೆ ಸಣ್ಣಗೆ ಕತ್ತರಿಸಿ, ಶೇಕಡಾ 1.7ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ 10 ಮಿಲಿಲೀಟರ್ ಹಾಕಿ, ಮುಚ್ಚಿ ಹತ್ತು ನಿಮಿಷ ಬಿಟ್ಟು ಮೂಸುವುದು. ಈ ದ್ರಾವಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಪರಿಚಯದ ವಿಜ್ಞಾನ ಮಾಸ್ತರರಿದ್ದರೆ ಅವರ ಕೈಯಲ್ಲೇ ಮಾಡಿಸಿ. ಇಲ್ಲದಿದ್ದರೆ ಕಾಳು ಅಗಿಯುವ ಪರೀಕ್ಷೆ ಧಾರಾಳ ಸಾಕು.

ಒಂದು ಸಾಲಿನಲ್ಲಿ ಗಿಡಗಳು ಎತ್ತರದಲ್ಲಿ, ಹೂ ಬಿಡುವ ದಿನದಲ್ಲಿ ಒಂದಕ್ಕೊಂದು ಹೊಂದದಿದ್ದರೆ ಇಡೀ ಸಾಲನ್ನೇ ಬೀಜದಿಂದ ಕೈಬಿಡಿ. ಕರುಣೆ ಬೇಡ. ಆ ಭತ್ತ ಊಟಕ್ಕಾಗುತ್ತದೆ.

ಮೂರನೇ ಬೆಳೆ: ಬೀಜದ ಗದ್ದೆ

ಕೊಯ್ಲಿನ ನಂತರ ಮತ್ತೆ ಅಗಿದು ನೋಡಿ, ಉಳಿದ ಒಳ್ಳೆಯ ಸಾಲುಗಳನ್ನು ಒಟ್ಟು ಮಾಡಿ. ಅತಿ ಘಮಘಮಿಸಿದ ಒಂದೇ ಸಾಲಿಗೆ ಗಂಟು ಬೀಳಬೇಡಿ. ಇಪ್ಪತ್ತು ಮೂವತ್ತು ಸಾಲು ಸೇರಿದ್ದರೆ ರೋಗಕ್ಕೆ, ಮಳೆ ಏರುಪೇರಿಗೆ ತಡೆಯುವ ಶಕ್ತಿ ತಳಿಯಲ್ಲಿ ಉಳಿಯುತ್ತದೆ. ಈ ಬೀಜವನ್ನು ಮೂರನೇ ವರ್ಷ ಪ್ರತ್ಯೇಕ ಗದ್ದೆಯಲ್ಲಿ ಬೆಳೆದರೆ ಮನೆಗೆ ಬೇಕಾದ ಶುದ್ಧ ಬೀಜ ಸಿದ್ಧ.

ಇದು ಹಳ್ಳಿಯವರ ಕಸರತ್ತು ಎಂದುಕೊಳ್ಳಬೇಡಿ. 1933ರಲ್ಲಿ ಈಗಿನ ಪಾಕಿಸ್ತಾನದ ಕಾಲಾ ಶಾ ಕಾಕು ಸಂಶೋಧನಾ ಕೇಂದ್ರದಿಂದ ಬಂದ ಬಾಸುಮತಿ 370 ಹುಟ್ಟಿದ್ದು ಹೀಗೇ, ರೈತರ ಹಳೆಯ ಬಾಸುಮತಿಯಿಂದ ಆರಿಸಿ. ಸಂಕರ ಮಾಡಿದ್ದಲ್ಲ.

ಸಂಕರ ಮಾಡಿ ಗಿಡ್ಡ ಗಂಧಸಾಲೆ ಪಡೆಯಬಾರದೇ ಎಂದು ಕೇಳಬಹುದು. ಮಾಡಬಹುದು. 1989ರ ಪೂಸಾ ಬಾಸುಮತಿ 1 ಸಂಕರದಿಂದಲೇ ಬಂದದ್ದು. ಆದರೆ ಪರಿಮಳವಿಲ್ಲದ ಗಿಡ್ಡ ತಳಿಯೊಡನೆ ಸಂಕರ ಮಾಡಿದ ಕಾಳಿಗೆ ಪರಿಮಳ ಇರುವುದಿಲ್ಲ. ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲೊಂದಕ್ಕೆ ಬರುತ್ತದೆ, ಬೇರೆ ಗುಣಗಳು ನೆಲೆ ನಿಲ್ಲಲು ಇನ್ನೂ ಹಲವು ವರ್ಷ ಬೇಕು. ಮೊದಲು ಇದ್ದದ್ದನ್ನು ಶುದ್ಧ ಮಾಡಿಕೊಳ್ಳೋಣ.

ಬೀಜ ಸರಿಯಾದರೂ ಪರಿಮಳ ಕಳೆಯಬಹುದು

ಕಾಳು ಕಟ್ಟುವಾಗ ರಾತ್ರಿ ತಂಪು ಇದ್ದರೆ ಪರಿಮಳ ಹೆಚ್ಚು. ನಮ್ಮ ದೀರ್ಘಾವಧಿ ತಳಿಗಳು ಮಳೆ ಹಿಂದೆ ಸರಿದು ಚಳಿ ಇಳಿಯುವ ಹೊತ್ತಿಗೆ ತೆನೆ ಬಿಡುವುದು ಈ ದೃಷ್ಟಿಯಿಂದ ವರ. ಇದನ್ನು ಬೇಸಗೆ ಬೆಳೆಗೆ ತಂದು ಘಮ ಕೇಳಬೇಡಿ.

ಯೂರಿಯಾ ಸುರಿದರೆ ಗಿಡ ಮಲಗುತ್ತದೆ, ಮಲಗಿದ ತೆನೆ ನೀರಿಗೆ ತಾಗಿ ಕಾಳು ಮುಗ್ಗುತ್ತದೆ. ಹಟ್ಟಿಗೊಬ್ಬರ, ಸೊಪ್ಪಿನ ಗೊಬ್ಬರದಲ್ಲೇ ಹಿತಮಿತವಾಗಿ ಬೆಳೆಯಿರಿ. ಪೂರಾ ಒಣಗುವವರೆಗೆ ಗದ್ದೆಯಲ್ಲಿ ಬಿಡಬೇಡಿ. ತೆನೆಯ ಬಹುಪಾಲು ಕಾಳು ಹೊಂಬಣ್ಣಕ್ಕೆ ಬಂದಾಗಲೇ ಕೊಯ್ಯಿರಿ.

ಪರಿಮಳ ಆವಿಯಾಗಿ ಹೋಗುವ ವಸ್ತು. ಸುಡುಬಿಸಿಲಿನ ಸಿಮೆಂಟ್ ಅಂಗಳದಲ್ಲಿ ಒಣಗಿಸಿದರೆ ಅಲ್ಲೇ ಅರ್ಧ ಹಾರುತ್ತದೆ. ಚಾಪೆಯ ಮೇಲೆ, ಎಳೆಬಿಸಿಲಿಗೆ, ನೆರಳಿಗೆ ಒಣಗಿಸಿ. ಕುಚ್ಚಲು ಮಾಡಬೇಡಿ, ಬೆಳ್ತಿಗೆಯೇ ಸರಿ. ಅಕ್ಕಿ ಮಾಡಿಟ್ಟರೆ ದಿನಗಳೆದಂತೆ ಪರಿಮಳ ಇಳಿಯುತ್ತದೆ. ಭತ್ತವಾಗಿಯೇ ಇಟ್ಟು ಬೇಕಾದಷ್ಟೇ ಮಿಲ್ಲಿಗೆ ಕೊಡಿ. ಮಾರುವವರಂತೂ ಇದನ್ನು ಮರೆಯಲೇಬಾರದು.

ಕೊನೆಗೆ

ನೆರೆಯ ವಯನಾಡಿನ ಗಂಧಕಸಾಲೆ, ಜೀರಕಸಾಲೆ ಅಕ್ಕಿಗಳಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹೆಸರಿಗೆ ಬೆಲೆ ಬಂದಿದೆ ಎಂದಾಯಿತು. ಆದರೆ ಕೊಳ್ಳುವವರು ಹೆಸರು ಉಣ್ಣುವುದಿಲ್ಲ. ಕುಕ್ಕರಿನ ಮುಚ್ಚಳ ತೆಗೆದಾಗ ಘಮ ಬರದಿದ್ದರೆ ಮುಂದಿನ ವರ್ಷ ಅವರು ನಮ್ಮ ಅಂಗಳಕ್ಕೆ ಬರುವುದಿಲ್ಲ.

ನಮ್ಮಲ್ಲಿ ತೆನೆ ಸಾಲುಗಳ ಗದ್ದೆ ಕೊಯ್ಲಾದ ವಾರ ಅಮ್ಮ ಒಂದು ಪಾವು ಅಕ್ಕಿ ಬೇಯಿಸಿದರು. ತೋಟದಿಂದ ಬಂದ ತಮ್ಮ ಜಗಲಿಯಲ್ಲೇ ನಿಂತು, "ಇವತ್ತು ಎಂತ ವಿಶೇಷ?" ಎಂದ. ಆ ಗದ್ದೆಗೆ ಅಡಿಕೆ ಸಸಿ ಹಾಕುವ ಮಾತು ಆಮೇಲೆ ಎತ್ತಿಲ್ಲ.

ನಿಮ್ಮ ಕಣಜದಲ್ಲೂ ಹಳೆಯ ಪರಿಮಳದ ಭತ್ತ ಇದ್ದರೆ ಇವತ್ತೇ ನೂರು ಕಾಳು ಅಗಿದು ನೋಡಿ. ಶುದ್ಧ ಮಾಡಿದ ಬೀಜವನ್ನು ಒಂದೇ ಮನೆಯಲ್ಲಿ ಇಡಬೇಡಿ. ನಂಬಿಕೆಯ ಇನ್ನೊಂದು ಮನೆಗೂ ಎರಡು ಸೇರು ಕೊಡಿ. ನಮ್ಮಲ್ಲಿ ತಪ್ಪಿದರೆ ಅಲ್ಲಿಂದ ಕೇಳಿ ತರಬಹುದು.