ಬಡವರಿಗೂ ಕಾಡುಮೃಗಕ್ಕೂ ಒಂದೇ ಪಾಲು

ಅನ್ಬಿಯಂ ಕೂಟಗಳಿಗಾಗಿ ಸೃಷ್ಟಿಯ ಕಾಲದ ಪಾಠ

ಮೊದಲು ಓದಿರಿ: ವಿಮೋಚನಕಾಂಡ 23:10-11, ಕೀರ್ತನೆ 104:20-23, ಯೆಶಾಯ 11:6-9



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ, ಅಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ, ಧರ್ಮಸಭೆ ಸೃಷ್ಟಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಈ ದಿನಗಳಲ್ಲಿ ಗಿಡ ನೆಡುವುದು, ನೀರು ಉಳಿಸುವುದು ಮುಂತಾದ ವಿಷಯಗಳನ್ನು ನಾವು ಮಾತಾಡುವುದುಂಟು. ಈ ಸಲ ಸ್ವಲ್ಪ ಕಷ್ಟದ ವಿಷಯವೊಂದನ್ನು ತೆಗೆದುಕೊಳ್ಳೋಣ: ಕರಡಿ. ಮನೆಯಲ್ಲಿ ಕನ್ನಡ, ಮಾರ್ಕೆಟಿನಲ್ಲಿ ತಮಿಳು ಆಡುವ ನಮಗೆ ಈ ಹೆಸರಿಗೆ ಅನುವಾದ ಬೇಡ. ಎರಡು ಭಾಷೆಯಲ್ಲೂ ಅದು ಕರಡಿಯೇ.

ಕಷ್ಟದ ವಿಷಯ ಏಕೆಂದರೆ, ಗುಬ್ಬಿಯನ್ನೋ ಜಿಂಕೆಯನ್ನೋ ಪ್ರೀತಿಸಿ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಕರಡಿ ಹಾಗಲ್ಲ. ಅದು ಮನುಷ್ಯನ ಮುಖವನ್ನೇ ಹರಿದುಹಾಕಬಲ್ಲದು. ಅಂಥ ಪ್ರಾಣಿಗೂ ನೆಲ ಬಿಡಬೇಕೇ? ಬಿಟ್ಟರೆ ಅದರ ಭಾರ ಯಾರು ಹೊರಬೇಕು? ಇದು ಈ ಪಾಠದ ಪ್ರಶ್ನೆ.

1. ಕರಡಿಯನ್ನು ತಿಳಿಯೋಣ

ನಮ್ಮ ಪಳನಿ ಬೆಟ್ಟಸಾಲಿನ ಇಳಿಜಾರುಗಳಲ್ಲಿ, ಕಂಬಂ ಕಣಿವೆಯ ಮೇಲಿನ ಮೇಘಮಲೆಯಲ್ಲಿ, ಕರ್ನಾಟಕದ ಬಂಡೆಗುಡ್ಡಗಳಲ್ಲಿ ಇರುವುದು ಒಂದೇ ಜಾತಿಯ ಕಪ್ಪು ಕರಡಿ. ಲೋಕದಲ್ಲಿರುವ ಈ ಜಾತಿಯ ಕರಡಿಗಳಲ್ಲಿ ಹೆಚ್ಚಿನವು ಭಾರತದಲ್ಲೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ಹುಲಿ, ಆನೆಗಳ ಜೊತೆ ಮೊದಲ ಪಟ್ಟಿಯಲ್ಲೇ ಜಾಗವಿದೆ.

ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಉದ್ದನೆಯ ಉಗುರಿನಿಂದ ಹುತ್ತ ಒಡೆದು, ತುಟಿ ಮುಂದೆ ಚಾಚಿ ಗೆದ್ದಲನ್ನು ಹೀರುತ್ತದೆ. ಹೀರುವುದಕ್ಕೆ ದಾರಿಯಾಗಲೆಂದೇ ಮೇಲ್ದವಡೆಯ ನಡುವಿನ ಎರಡು ಹಲ್ಲು ಅದಕ್ಕಿಲ್ಲ. ಅತ್ತಿ, ನೇರಳೆ, ಬಾರೆ, ಕಕ್ಕೆಯ ಹಣ್ಣು ತಿಂದು ಬೀಜವನ್ನು ದೂರದೂರಕ್ಕೆ ಬಿತ್ತುತ್ತದೆ. ಯಾರೂ ಕೂಲಿ ಕೊಡದ ಬಿತ್ತನೆಗಾರ ಅದು. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಹಾಗಾದರೆ ಮನುಷ್ಯನ ಮೇಲೆ ಏಕೆ ಬೀಳುತ್ತದೆ? ತಿನ್ನುವುದಕ್ಕಲ್ಲ, ಗಾಬರಿಯಿಂದ. ಅದು ತಲೆ ತಗ್ಗಿಸಿ ಹುತ್ತ ಕೆದಕುವಾಗ ನಾವು ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ. ತಟ್ಟನೆ ಎದುರಾದಾಗ ಓಡುವ ಬದಲು ಮೇಲೆ ಎರಗುತ್ತದೆ. ಮರಿಗಳಿದ್ದರಂತೂ ಹೇಳುವುದೇ ಬೇಡ. ಮರಿ ಕಳೆದುಕೊಂಡ ಕರಡಿಯ ಕೋಪ ಎಂಥದೆಂದು ಜ್ಞಾನೋಕ್ತಿಯನ್ನು ಬರೆದವರಿಗೂ ಗೊತ್ತಿತ್ತು (17:12). ಕುರಿ ಕಾಯುತ್ತಿದ್ದ ದಾವೀದನೂ ಕರಡಿಯನ್ನು ಎದುರಿಸಿದವನೇ (1 ಸಮುವೇಲ 17:34-37). ಶ್ರೀಗ್ರಂಥ ಕರಡಿಯನ್ನು ಮುದ್ದಾದ ಬೊಂಬೆಯಾಗಿ ತೋರಿಸುವುದಿಲ್ಲ. ನಾವೂ ತೋರಿಸಬೇಕಿಲ್ಲ.

2. ಗಾಯ ಯಾರಿಗೆ?

ಕರಡಿ ಎದುರಾಗುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಹೊತ್ತಿನಲ್ಲಿ ಕಾಡಂಚಿನಲ್ಲಿ ನಡೆಯುವವರು ಯಾರು? ಎಸ್ಟೇಟಿಗೆ ಹೋಗುವ ಕೂಲಿಯವರು, ಸೌದೆ ತರುವ ತಾಯಂದಿರು, ಜೇನು ಕೀಳುವ ಆದಿವಾಸಿಗಳು, ದನ ಮೇಯಿಸುವವರು, ಮನೆಯಲ್ಲಿ ಶೌಚಾಲಯ ಇಲ್ಲದವರು. ಬೆಟ್ಟ ನೋಡಲು ಕಾರಿನಲ್ಲಿ ಬರುವವರಿಗೆ ಈ ಅಪಾಯ ಕಡಿಮೆ.

ಇನ್ನೊಂದು ಕಡೆಯಿಂದಲೂ ನೋಡಿರಿ. ಗುಡ್ಡ ಅಗೆದು ಕ್ವಾರಿ ಮಾಡಿದರೆ, ಕುರುಚಲು ಕಾಡು ಕಡಿದು ರೆಸಾರ್ಟ್ ಕಟ್ಟಿದರೆ, ಕರಡಿಯ ಗುಹೆಯೂ ಹುತ್ತವೂ ಹೋಗುತ್ತವೆ. ಅದೇ ಕುರುಚಲಿನಲ್ಲಿ ಸೌದೆ, ಮೇವು, ಜೇನು ಪಡೆಯುತ್ತಿದ್ದ ಬಡವರ ಬದುಕೂ ಹೋಗುತ್ತದೆ. ಆಮೇಲೆ ಉಳಿದ ತುಂಡು ಕಾಡಿನಲ್ಲಿ ಕರಡಿ ಮತ್ತು ಬಡವ ಇಬ್ಬರೂ ಎದುರೆದುರು ಆಗುತ್ತಾರೆ. ನಾವು ಅದನ್ನು ಮನುಷ್ಯ ಮತ್ತು ಮೃಗದ ಜಗಳ ಎನ್ನುತ್ತೇವೆ. ಇಬ್ಬರನ್ನೂ ಆ ಮೂಲೆಗೆ ತಳ್ಳಿದ ಮೂರನೆಯವನ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ.

3. ಶ್ರೀಗ್ರಂಥದ ಅಳತೆಗೋಲು

ಈಗ ವಿಮೋಚನಕಾಂಡ 23:10-11ಕ್ಕೆ ಬರೋಣ. ಆರು ವರ್ಷ ಹೊಲ ಬಿತ್ತು, ಏಳನೆಯ ವರ್ಷ ಅದನ್ನು ಬಿಡು ಎಂಬುದು ದೇವರ ಆಜ್ಞೆ. ಯಾರಿಗಾಗಿ ಬಿಡಬೇಕು? ಮೊದಲು ಜನರಲ್ಲಿ ಬಡವರಾದವರು ತಿನ್ನಲಿ, ಅವರು ಉಳಿಸಿದ್ದನ್ನು ಕಾಡುಮೃಗ ತಿನ್ನಲಿ. ದ್ರಾಕ್ಷಿತೋಟಕ್ಕೂ ಎಣ್ಣೆಮರದ ತೋಪಿಗೂ ಅದೇ ನಿಯಮ.

ಬಡವರೂ ಕಾಡುಮೃಗವೂ ಒಂದೇ ವಚನದಲ್ಲಿ ಬರುತ್ತಾರೆ ಎಂಬುದನ್ನು ಗಮನಿಸಿರಿ. ಇಬ್ಬರೂ ಬೇಲಿಯ ಹೊರಗಿನವರು. ಹೊಲದ ಯಜಮಾನ ತನ್ನದೆಲ್ಲವನ್ನೂ ಕೊನೆಯ ಕಾಳಿನವರೆಗೆ ಬಾಚಿಕೊಂಡರೆ ಇಬ್ಬರೂ ಹಸಿಯುತ್ತಾರೆ. ಆತ ಕೈ ಹಿಡಿದರೆ ಇಬ್ಬರೂ ಬದುಕುತ್ತಾರೆ. ಕ್ರಮವೂ ಸ್ಪಷ್ಟವಾಗಿದೆ: ಬಡವನನ್ನು ದಾಟಿ ಮೃಗವಿಲ್ಲ. ಆದರೆ ಬಡವನ ಹೆಸರು ಹೇಳಿ ಮೃಗದ ಪಾಲನ್ನು ಶ್ರೀಮಂತ ನುಂಗುವಂತೆಯೂ ಇಲ್ಲ.

ಕೀರ್ತನೆ 104 ಹೊತ್ತನ್ನೂ ಹಂಚುತ್ತದೆ. ಕತ್ತಲಾದಾಗ ಕಾಡಿನ ಜೀವಿಗಳು ಹೊರಡುತ್ತವೆ. ಸೂರ್ಯ ಹುಟ್ಟಿದಾಗ ಅವು ಗುಹೆಗೆ ಮರಳುತ್ತವೆ, ಮನುಷ್ಯ ದುಡಿಮೆಗೆ ಹೊರಟು ಸಂಜೆಯವರೆಗೆ ದುಡಿಯುತ್ತಾನೆ. ಒಂದೇ ನೆಲ, ಎರಡು ಪಾಳಿ.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಇದನ್ನೇ ಬಿಡಿಸಿ ಹೇಳಿದರು. ಭೂಮಿಯ ಕೂಗು ಮತ್ತು ಬಡವರ ಕೂಗು, ಎರಡನ್ನೂ ಒಟ್ಟಿಗೆ ಕೇಳಬೇಕು (ಸಂಖ್ಯೆ 49). ತೋಟವನ್ನು ಸಾಗುವಳಿ ಮಾಡುವ ಹಕ್ಕಿನ ಜೊತೆ ಕಾಯುವ ಹೊಣೆಯೂ ಇದೆ (ಸಂಖ್ಯೆ 67). ಹಾಗಾದರೆ ಯಾವುದೇ ಅಭಿವೃದ್ಧಿ ಯೋಜನೆಗೆ ನಾವು ಹಿಡಿಯಬೇಕಾದ ಅಳತೆಗೋಲು ಇದು: ಇದಾದ ಮೇಲೆ ಬಡವರಿಗೆ ಏನು ಉಳಿಯಿತು? ಮೃಗಕ್ಕೆ ಏನು ಉಳಿಯಿತು?

4. ಕನ್ನಡ ನಾಡಿನ ಎರಡು ಉದಾಹರಣೆಗಳು

ಮೊದಲನೆಯದು ದರೋಜಿ. ಹಂಪಿಗೆ ಸುಮಾರು 15 ಕಿಲೋಮೀಟರ್ ದೂರದ ಈ ಬಂಡೆಗುಡ್ಡಗಳ ಕಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಮೊದಲು ಸುಮಾರು 56 ಚದರ ಕಿಲೋಮೀಟರ್ ಇದ್ದದ್ದು 2009ರಲ್ಲಿ ಸುಮಾರು 83 ಆಯಿತು. ಒಂದು ಕಡೆ ವಿಶ್ವ ಪರಂಪರೆಯ ತಾಣವಾದ ಹಂಪಿಯ ಪ್ರವಾಸಿಗರು, ಇನ್ನೊಂದು ಕಡೆ ಸಂಡೂರು ಭಾಗದ ಕಬ್ಬಿಣದ ಅದಿರು ಗಣಿಗಳು, ಸುತ್ತಲೂ ರೈತರ ಹೊಲಗಳು. ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕಾಯಿತು. ಇಷ್ಟರ ನಡುವೆ ಕರಡಿಗಳು ಉಳಿದಿವೆ.

ಅಲ್ಲಿ ಪ್ರವಾಸಿಗರನ್ನು ಗುಡ್ಡಕ್ಕೆ ಬಿಡುವುದಿಲ್ಲ. ಮಧ್ಯಾಹ್ನದ ಮೇಲೆ ದೂರದ ವೀಕ್ಷಣಾ ಗೋಪುರದಿಂದ ನೋಡಬೇಕು. ಕರಡಿಗಳು ಬಯಲಿಗೆ ಬರಲೆಂದು ಸಿಬ್ಬಂದಿ ಬಂಡೆಗಳಿಗೆ ಬೆಲ್ಲ, ಜೇನು ಬೆರೆಸಿದ ಪಾಕ ಬಳಿಯುತ್ತಾರೆ. ಇದು ಪೂರ್ತಿ ಸರಿಯೇ ಎಂದು ಕೇಳಬಹುದು, ಕೇಳಬೇಕು ಕೂಡ. ನೋಡುವವರಿಗಾಗಿ ಮೃಗಕ್ಕೆ ಸಿಹಿಯ ರುಚಿ ಹಿಡಿಸುವುದು ಒಳ್ಳೆಯ ಅಭ್ಯಾಸವಲ್ಲ. ಆದರೆ ದೂರ ನಿಂತು, ಗೊತ್ತಾದ ಹೊತ್ತಿನಲ್ಲಿ ನೋಡಿ, ಹಿಂತಿರುಗುವ ನಿಯಮ ಮಾತ್ರ ಕಲಿಯತಕ್ಕದ್ದು.

ಎರಡನೆಯದು ಕರಡಿ ಕುಣಿಸುವವರದು. ಮೂತಿಗೆ ಹಗ್ಗ ಪೋಣಿಸಿದ ಕರಡಿಯನ್ನು ಊರೂರಿಗೆ ತರುತ್ತಿದ್ದ ಖಲಂದರ್ ಜನರನ್ನು ಹಿರಿಯರು ನೋಡಿರಬಹುದು. ಕಾಯಿದೆ ಬಂದು ದಶಕಗಳಾದರೂ ಅದು ನಿಲ್ಲಲಿಲ್ಲ, ಏಕೆಂದರೆ ಆ ಕುಟುಂಬಗಳಿಗೆ ಬೇರೆ ಊಟದ ದಾರಿ ಇರಲಿಲ್ಲ. ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಕಸುಬು, ಹೆಂಗಸರಿಗೆ ದುಡಿಮೆ, ಮಕ್ಕಳಿಗೆ ಶಾಲೆ ಒದಗಿಸಲು ತೊಡಗಿದ ಮೇಲೆ ಅದು ಕೊನೆಗೊಂಡಿತು. 2009ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿ ಬೆಂಗಳೂರಿನ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿತು. ಬಡವನ ಪಾಲು ಸಿಕ್ಕಾಗ ಮೃಗದ ಬಿಡುಗಡೆಯೂ ಆಯಿತು.

ಇಲ್ಲಿ ಸಂತ ಕೊರ್ಬಿನಿಯನರನ್ನು ನೆನೆಯಬಹುದು. ಜರ್ಮನಿಯ ಫ್ರೈಸಿಂಗ್ ಊರಿನ ಈ ಸಂತರು ರೋಮಿಗೆ ಹೋಗುವ ದಾರಿಯಲ್ಲಿ ಅವರ ಹೊರೆ ಹೊತ್ತ ಕುದುರೆಯನ್ನು ಕರಡಿ ಕೊಂದಿತಂತೆ. ಸಂತರು ಆ ಹೊರೆಯನ್ನು ಕರಡಿಯ ಬೆನ್ನಿಗೇ ಕಟ್ಟಿದರು. ರೋಮ್ ಮುಟ್ಟಿದ ಮೇಲೆ ಅದನ್ನು ಬಿಟ್ಟುಬಿಟ್ಟರು ಎನ್ನುತ್ತದೆ ಐತಿಹ್ಯ. ಜಗದ್ಗುರು 16ನೇ ಬೆನೆಡಿಕ್ಟರ ಲಾಂಛನದಲ್ಲಿದ್ದ ಹೊರೆ ಹೊತ್ತ ಕರಡಿ ಇದೇ. ಕೆಲಸ ಮುಗಿದ ಮೇಲೆ ಬಿಟ್ಟುಕೊಡುವುದು ಸಂತರ ಲಕ್ಷಣ.

5. ನಮ್ಮ ಬೆಟ್ಟ

ಒಡ್ಡನ್‌ಛತ್ರದಿಂದ ದಕ್ಷಿಣಕ್ಕೆ ನೋಡಿದರೆ ಪಳನಿ ಬೆಟ್ಟ. ಪರಪ್ಪಲಾರ್ ಅಣೆಕಟ್ಟು ದಾಟಿ ಪಾಚಲೂರು, ತಾಂಡಿಕುಡಿ ಮೂಲಕ ಕೊಡೈಕನಾಲಿಗೆ ಹೋಗುವ ದಾರಿ ಅದರ ಮೇಲೇ ಇದೆ. ನಮ್ಮ ಮಾರ್ಕೆಟಿಗೆ ಬರುವ ಮಲೆಬಾಳೆ ಆ ಇಳಿಜಾರಿನದು. 2013ರಲ್ಲಿ ಈ ಬೆಟ್ಟಗಳ ಸುಮಾರು 600 ಚದರ ಕಿಲೋಮೀಟರ್ ಕೊಡೈಕನಾಲ್ ವನ್ಯಜೀವಿಧಾಮವಾಯಿತು. ಥೇಣಿಯ ಕಡೆ 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿಧಾಮ ಬಂತು.

ಈ ಬೆಟ್ಟವನ್ನು ಪ್ರೀತಿಯಿಂದ ನೋಡುವುದು ನಮ್ಮ ಧರ್ಮಸಭೆಗೆ ಹೊಸದಲ್ಲ. ಶೆಂಬಗನೂರಿನಲ್ಲಿ 1895ರಲ್ಲಿ ಕಾಲೇಜು ತೆರೆದ ಯೇಸುಸಭೆಯ ಗುರುಗಳು ಇಲ್ಲಿಯ ಗಿಡಮೂಲಿಕೆ, ಪ್ರಾಣಿಪಕ್ಷಿಗಳನ್ನು ಅಧ್ಯಯನ ಮಾಡಿ ಸಂಗ್ರಹಾಲಯ ಕಟ್ಟಿದರು. ಅದೇ ಸಭೆಯ ವಂದನೀಯ ಕೆ. ಎಂ. ಮ್ಯಾಥ್ಯೂ ಅವರು ಪಳನಿ ಬೆಟ್ಟದ ಸಸ್ಯಗಳನ್ನೆಲ್ಲ ದಾಖಲಿಸಿದ ಗ್ರಂಥ 1999ರಲ್ಲಿ ಹೊರಬಂತು.

ಆದರೆ ಬೆಟ್ಟಕ್ಕೆ ಬರುವ ಜನಸಂದಣಿ ಬೆಟ್ಟ ತಾಳುವಷ್ಟಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕನಾಲಿಗೆ ಇ-ಪಾಸ್ ಬಂತು. 2025ರ ಬೇಸಿಗೆಗೆ ಕೊಡೈಕನಾಲಿಗೆ ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000 ವಾಹನಗಳ ಮಿತಿ ಹಾಕಲಾಯಿತು. ಸತ್ಯಮಂಗಲದ ದಿಂಬಂ ಘಾಟಿನಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮೈಸೂರಿನ ಕಡೆ ಲಾರಿ ಓಡಿಸುವವರಿಗೆ ಇದರ ಬಿಸಿ ಗೊತ್ತು. ಟ್ಯಾಕ್ಸಿಯವರು, ಹಣ್ಣು ಮಾರುವವರು, ಲಾಡ್ಜಿನ ಕೆಲಸಗಾರರು ಕೂಡ ನಷ್ಟ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಅದಕ್ಕೇ ಮಿತಿಯ ಭಾರ ದಿನಗೂಲಿಯವನ ಮೇಲೆ ಮಾತ್ರ ಬೀಳದಂತೆ ನೋಡುವುದು ಸರಕಾರದ ಹೊಣೆ. ಆದರೆ ಮಿತಿಯೇ ಬೇಡ ಎನ್ನುವುದು ಏಳನೆಯ ವರ್ಷವೂ ಬಿತ್ತಿದಂತೆ.

ಕಸದ ವಿಷಯದಲ್ಲೂ ಎಚ್ಚರ ಬೇಕು. ರಾಜಸ್ಥಾನದ ಮೌಂಟ್ ಅಬು ಗಿರಿಧಾಮದಲ್ಲಿ ಹೋಟೆಲುಗಳ ಕಸಕ್ಕಾಗಿ ಕರಡಿಗಳು ಊರೊಳಗೇ ಬರುತ್ತವೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಒಂದು ಕಾಲಕ್ಕೆ ಕಸದ ಗುಂಡಿಯ ಸುತ್ತ ಬೆಂಚು ಹಾಕಿ ಕರಡಿ ತಿನ್ನುವುದನ್ನು ಜನರಿಗೆ ತೋರಿಸುತ್ತಿದ್ದರು. 1970ರ ಹೊತ್ತಿಗೆ ಆ ಗುಂಡಿಗಳನ್ನೆಲ್ಲ ಮುಚ್ಚಿದರು. ಆದರೆ ಕಸದ ರುಚಿ ಬಿಡಲಾರದೆ ಜನರಿದ್ದ ಕಡೆಗೆ ಬಂದ ಎಷ್ಟೋ ಕರಡಿಗಳನ್ನು ಕೊಲ್ಲಬೇಕಾಯಿತು. ಈಗ ಅಲ್ಲಿ ಕರಡಿಯಿಂದ ಸುಮಾರು 91 ಮೀಟರ್ ದೂರವಿರಬೇಕೆಂಬುದು ನಿಯಮ. ನಾವು ಎಸೆಯುವ ಬಿರಿಯಾನಿ ಪೊಟ್ಟಣಕ್ಕೆ ಮೃಗವೇ ಪ್ರಾಣ ತೆರುತ್ತದೆ, ಅಥವಾ ಮರುದಿನ ನಸುಕಿನಲ್ಲಿ ಅದೇ ದಾರಿಯಲ್ಲಿ ನಡೆವ ಕೂಲಿಯವಳು ತೆರುತ್ತಾಳೆ.

6. ನಾವು ಮಾಡಬಹುದಾದದ್ದು

• ಬೆಟ್ಟಕ್ಕೆ ಪ್ರವಾಸ ಹೋದರೆ ತಂದ ಊಟದ ಕಸವನ್ನು ಮನೆಗೇ ತನ್ನಿರಿ. ಯಾವ ಪ್ರಾಣಿಗೂ ತಿನಿಸು ಎಸೆಯಬೇಡಿ.

• ಕಾಡಂಚಿನಲ್ಲಿ ತೋಟವಿರುವವರು ಹಲಸು, ಬಾಳೆ ಹಣ್ಣಾಗುವ ಮೊದಲೇ ಇಳಿಸಿರಿ. ಬಿದ್ದ ಹಣ್ಣನ್ನು ಗುಡಿಸಿ ತೆಗೆಯಿರಿ. ಕೂಲಿಯವರನ್ನು ಬೆಳಕು ಹರಿದ ಮೇಲೆ ಬರಹೇಳಿರಿ. ಅರ್ಧ ಗಂಟೆಯ ಕೆಲಸ ಹೋದರೂ ಒಂದು ಮುಖ ಉಳಿಯುತ್ತದೆ.

• ಕತ್ತಲಲ್ಲಿ ಹೋಗಲೇಬೇಕಾದವರು ಜೊತೆಯಾಗಿ, ಗಟ್ಟಿಯಾಗಿ ಮಾತಾಡುತ್ತ, ಟಾರ್ಚ್ ಹಿಡಿದು ನಡೆಯಿರಿ. ದೂರದಲ್ಲಿ ಕರಡಿ ಕಂಡರೆ ಓಡದೆ ಮೆಲ್ಲಗೆ ಹಿಂದೆ ಸರಿಯಿರಿ. ಮೇಲೆ ಬಿದ್ದರೆ ಬೋರಲು ಮಲಗಿ, ಕತ್ತಿನ ಹಿಂದೆ ಕೈ ಕಟ್ಟಿ, ಮುಖ ಮುಚ್ಚಿಕೊಳ್ಳುವುದು ಬಲ್ಲವರ ಸಲಹೆ.

• ಗಾಯವಾದವರ ಅಥವಾ ಬೆಳೆ ಕಳೆದುಕೊಂಡವರ ಜೊತೆ ಅನ್ಬಿಯಂ ನಿಲ್ಲಲಿ. ಅರಣ್ಯ ಇಲಾಖೆಗೆ ಕೂಡಲೇ ತಿಳಿಸುವುದು, ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡುವುದು, ಪರಿಹಾರದ ಅರ್ಜಿ ಬರೆದುಕೊಡುವುದು, ಇವೂ ದಯೆಯ ಕಾರ್ಯಗಳೇ.

ಚರ್ಚೆಗೆ

1. ನಮ್ಮ ಊರಿನ ಸುತ್ತ ಇತ್ತೀಚೆಗೆ ಬಂದ ಒಂದು ಕ್ವಾರಿ, ರಸ್ತೆ ಅಥವಾ ರೆಸಾರ್ಟನ್ನು ನೆನೆಯಿರಿ. ಅದಾದ ಮೇಲೆ ಬಡವರಿಗೆ ಏನು ಉಳಿಯಿತು? ಮೃಗಕ್ಕೆ ಏನು ಉಳಿಯಿತು?

2. ನಮ್ಮ ಹೊಲದಲ್ಲಿ, ಸಂಪಾದನೆಯಲ್ಲಿ, ರಜೆಯ ದಿನಗಳಲ್ಲಿ ಇತರರಿಗಾಗಿ ಬಿಟ್ಟ ಪಾಲು ಯಾವುದು?

3. ಹಸುವೂ ಕರಡಿಯೂ ಜೊತೆಯಾಗಿ ಮೇಯುವುದನ್ನು ಯೆಶಾಯನು ಕಂಡನು. ಆ ದಿನ ಬರುವವರೆಗೆ ಎರಡರ ನಡುವೆ ಇರಬೇಕಾದ ದೂರವನ್ನು ಕಾಯುವುದು ಯಾರ ಕೆಲಸ?

ಪ್ರಾರ್ಥನೆ

ಹಗಲನ್ನು ನಮಗೂ ಇರುಳನ್ನು ಕಾಡಿನ ಜೀವಿಗಳಿಗೂ ಹಂಚಿಕೊಟ್ಟ ತಂದೆಯೇ, ನಮ್ಮ ಪಾಲಿನಲ್ಲಿ ತೃಪ್ತರಾಗಿರಲು ಕಲಿಸಿರಿ. ನಸುಕಿನಲ್ಲಿ ದುಡಿಮೆಗೆ ಹೊರಡುವ ನಮ್ಮ ಅಕ್ಕತಂಗಿಯರನ್ನೂ ಅಣ್ಣತಮ್ಮಂದಿರನ್ನೂ ಕಾಪಾಡಿರಿ. ನೀವು ಉಂಟುಮಾಡಿದ ಯಾವ ಜೀವಿಯೂ ನಮ್ಮ ದುರಾಸೆಯಿಂದ ನೆಲೆ ಕಳೆದುಕೊಳ್ಳದಿರಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.